ಹುಣಸೆ ಬೀಜದ ಪುಡಿ ಬೋರ್‌ವೆಲ್ ನೀರಿನಲ್ಲಿ ಯಾಕೆ ಸೋಲುತ್ತದೆ?

ಪೇಪರಿನಲ್ಲಿ ಆಗಾಗ ಒಂದು ಸುದ್ದಿ ನೋಡಿರುತ್ತೀರಿ. ಯಾವುದೋ ಕಾಲೇಜಿನವರು ಹುಣಸೆ ಬೀಜವನ್ನೋ, ನುಗ್ಗೆ ಬೀಜವನ್ನೋ, ಭತ್ತದ ಹೊಟ್ಟನ್ನೋ ಸುಟ್ಟು ಪುಡಿ ಮಾಡಿ ನೀರಿಗೆ ಹಾಕಿದರು, ಫ್ಲೋರೈಡ್ ಬಹುಪಾಲು ಹೋಯಿತು ಅಂತ. ಖರ್ಚಿಲ್ಲ, ಸಾಮಾನು ಊರಲ್ಲೇ ಸಿಗುತ್ತದೆ. ಓದಿದರೆ ಖುಷಿಯಾಗುತ್ತದೆ. ಆದರೆ ಪಾವಗಡದಲ್ಲೋ, ಬಾಗೇಪಲ್ಲಿಯಲ್ಲೋ, ಮುಂಡರಗಿಯಲ್ಲೋ ಯಾರ ಅಡುಗೆಮನೆಯಲ್ಲಾದರೂ ಹುಣಸೆ ಬೀಜದ ಫಿಲ್ಟರ್ ಕಂಡಿದ್ದೀರಾ? ನಾನಂತೂ ಕಂಡಿಲ್ಲ. ಕಾಲೇಜಿನವರು ಸುಳ್ಳು ಹೇಳಿದರು ಅಂತಲ್ಲ. ಅವರು ಪುಡಿ ಹಾಕಿದ ನೀರೇ ಬೇರೆ, ನಮ್ಮ ನೀರೇ ಬೇರೆ.

ಕಥೆ ಶುರುವಾಗುವುದು ಕಲ್ಲಿನಿಂದ. ನಮ್ಮ ಬಯಲುಸೀಮೆಯ ಅಡಿಯಲ್ಲಿರುವ ಗ್ರಾನೈಟಿನಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಆಳದ ನೀರು ವರ್ಷಗಟ್ಟಲೆ ಆ ಕಲ್ಲಿನ ಸಂದಿಯಲ್ಲೇ ನಿಂತಿರುತ್ತದೆ, ಸ್ವಲ್ಪಸ್ವಲ್ಪವಾಗಿ ಫ್ಲೋರೈಡ್ ಕರಗುತ್ತಾ ಹೋಗುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆ, ಬೈಕಾರ್ಬೊನೇಟ್ ಜಾಸ್ತಿ ಇದ್ದರಂತೂ ಇನ್ನೂ ಸಲೀಸು. ಬಣ್ಣ, ವಾಸನೆ, ರುಚಿ ಯಾವುದೂ ಗೊತ್ತಾಗುವುದಿಲ್ಲ. ಕಾಯಿಸಿದರೂ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ, ಅಷ್ಟೇ.

ಇಂಥ ನೀರನ್ನು ವರ್ಷಗಟ್ಟಲೆ ಕುಡಿದರೆ ಬರುವುದು ಬರೀ ಹಲ್ಲಿನ ಕಲೆಯಲ್ಲ, ಮೂಳೆಯನ್ನೇ ಹಿಡಿಯುವ ಕಾಯಿಲೆ ಎಂದು ಭಾರತದಲ್ಲಿ ದಾಖಲಾದದ್ದು 1937ರಲ್ಲಿ. ಮದ್ರಾಸಿನ ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟಿನಲ್ಲಿದ್ದ ಶಾರ್ಟ್ ಮತ್ತು ಅವರ ಜೊತೆಯವರು ಆಗಿನ ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ ಬೆನ್ನು ಬಾಗಿಸಲಾಗದ, ಕೀಲು ಸೆಟೆದುಕೊಂಡ ಜನರನ್ನು ಪರೀಕ್ಷಿಸಿ ಬರೆದರು.

ಅದಕ್ಕೂ ಮೊದಲೇ, 1934ರಲ್ಲಿ, ಅಮೆರಿಕದಲ್ಲಿ ಮೆಕ್ಕೀ ಮತ್ತು ಜಾನ್‌ಸ್ಟನ್ ಇದ್ದಿಲ ಪುಡಿಯಿಂದ ಫ್ಲೋರೈಡ್ ತೆಗೆಯಲು ನೋಡಿದ್ದರು. ನೀರು ಚೆನ್ನಾಗಿ ಹುಳಿಯಾಗಿ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 3ರ ಹತ್ತಿರ ಇದ್ದಾಗ ಇದ್ದಿಲು ಕೆಲಸ ಮಾಡಿತು. ಪಿಎಚ್ 8ಕ್ಕೆ ಬಂದಾಗ ಕೈಕೊಟ್ಟಿತು. ನಮ್ಮ ಬೋರ್‌ವೆಲ್ ನೀರಿನ ಪಿಎಚ್ ಎಷ್ಟು? ಸಾಮಾನ್ಯವಾಗಿ ಏಳೂವರೆಯಿಂದ ಎಂಟೂವರೆ. ಸುಮಾರು ತೊಂಬತ್ತು ವರ್ಷಗಳ ಹಿಂದೆಯೇ ಉತ್ತರ ಸಿಕ್ಕಿತ್ತು ಅಲ್ವಾ? ಆಮೇಲೆ ನಾವು ಇದ್ದಿಲಿನ ಮೂಲವನ್ನು ಬದಲಿಸುತ್ತಾ ಬಂದೆವು: ತೆಂಗಿನ ಚಿಪ್ಪು, ಹೊಟ್ಟು, ಬೇವಿನ ಎಲೆ, ಹುಣಸೆ ಬೀಜ.

ಕಾರಣ ತೀರಾ ಕಷ್ಟದ್ದೇನಲ್ಲ. ಈ ಪುಡಿಗಳು ಸ್ಪಂಜಿನ ಹಾಗೆ ಹೀರುವುದಿಲ್ಲ, ಮೈಗೆ ಅಂಟಿಸಿಕೊಳ್ಳುತ್ತವೆ. ಫ್ಲೋರೈಡಿಗೆ ಇರುವುದು ಋಣ ವಿದ್ಯುತ್. ಗಿಡದ ಇದ್ದಿಲಿನ ಮೈಗೂ ಸಾಮಾನ್ಯ ನೀರಿನಲ್ಲಿ ಹೆಚ್ಚಾಗಿ ಅದೇ. ಎರಡೂ ಒಂದನ್ನೊಂದು ದೂರ ತಳ್ಳುತ್ತವೆ. ಆಸಿಡ್ ಹಾಕಿದರೆ ಪುಡಿಯ ಮೈ ಧನವಾಗುತ್ತದೆ, ಆಗ ಅಂಟುತ್ತದೆ. ಲ್ಯಾಬಿನಲ್ಲಿ ಡಿಸ್ಟಿಲ್ಡ್ ವಾಟರಿಗೆ ಸೋಡಿಯಂ ಫ್ಲೋರೈಡ್ ಕರಗಿಸಿ, ಪಿಎಚ್ ಬೇಕಾದಲ್ಲಿಗೆ ತಂದು ಪರೀಕ್ಷೆ ಮಾಡುವುದೇ ರೂಢಿ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡಿಗಿಂತ ನೂರು ಪಟ್ಟು ಬೈಕಾರ್ಬೊನೇಟ್ ಇದ್ದರೂ ಆಶ್ಚರ್ಯವಿಲ್ಲ, ಅದೂ ಬಂದು ಅದೇ ಜಾಗ ಹಿಡಿಯುತ್ತದೆ.

ಹಾಗಾದರೆ ಯಾವುದು ಕೆಲಸ ಮಾಡಿತು? ಲೋಹ ಇರುವ ಸಾಮಾನುಗಳು. ಫ್ಲೋರೈಡಿಗೆ ಅಲ್ಯೂಮಿನಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಕಂಡರೆ ಇಷ್ಟ. 1970ರ ದಶಕದಲ್ಲಿ ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ತಂದ ನಲ್ಗೊಂಡ ವಿಧಾನದಲ್ಲಿದ್ದದ್ದು ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿ. ಬಕೆಟ್ಟಿನಲ್ಲಿ ಕಲಕಿ, ಒಂದು ಗಂಟೆ ಬಿಟ್ಟು, ತಳದ ಗಸಿ ಅಲುಗದ ಹಾಗೆ ಮೇಲಿನ ನಲ್ಲಿಯಿಂದ ಹಿಡಿದುಕೊಳ್ಳುವುದು. ಒಂದು ಬೋರ್‌ವೆಲ್ಲಿಗೆ ಸರಿಹೋದ ಪಟಿಕದ ಅಳತೆ ಇನ್ನೊಂದಕ್ಕೆ ಆಗುವುದಿಲ್ಲ, ಹೆಚ್ಚುಕಮ್ಮಿಯಾದರೆ ನೀರಿನಲ್ಲಿ ಅಲ್ಯೂಮಿನಿಯಂ ಉಳಿಯುತ್ತದೆ. ಎಲುಬಿನ ಇದ್ದಿಲು ಕೀನ್ಯಾ, ಟಾಂಜಾನಿಯಾಗಳಲ್ಲಿ ಚೆನ್ನಾಗಿ ನಡೆಯಿತು. ಅದರ ಕೆಲಸ ಕ್ಯಾಲ್ಸಿಯಂ ಫಾಸ್ಫೇಟಿನದು. ನಮ್ಮಲ್ಲಿ ದನದ ಮೂಳೆಯಲ್ಲಿ ಸೋಸಿದ ನೀರನ್ನು ಎಷ್ಟು ಮನೆಯವರು ಕುಡಿದಾರು ಹೇಳಿ.

ನನಗೆ ತುಂಬಾ ಹಿಡಿಸಿದ್ದು ಶ್ರೀಲಂಕಾದ ಇಟ್ಟಿಗೆ ಫಿಲ್ಟರ್. 1990ರ ದಶಕದಲ್ಲಿ ಬಂದದ್ದು. ಒಂದು ದಪ್ಪ ಪೈಪಿನಲ್ಲಿ ಒಡೆದ ಇಟ್ಟಿಗೆ ಚೂರು, ಅದರ ಮೇಲೆ ತೆಂಗಿನ ಚಿಪ್ಪಿನ ಇದ್ದಿಲು. ನೀರು ಕೆಳಗಿನಿಂದ ಮೇಲಕ್ಕೆ ನಿಧಾನ ಏರುತ್ತದೆ. ಕೆಲಸ ಮಾಡುವುದು ಸುಟ್ಟ ಮಣ್ಣಿನಲ್ಲಿರುವ ಅಲ್ಯೂಮಿನಿಯಂ, ಕಬ್ಬಿಣದ ಆಕ್ಸೈಡುಗಳು. ನಮ್ಮ ಕರಾವಳಿಯ ಕೆಂಪು ಮುರಕಲ್ಲಿನಲ್ಲೂ ಇವೇ ಇವೆ. ಇಟ್ಟಿಗೆ ಹಿಡಿಯುವುದು ಸ್ವಲ್ಪವೇ, ಹಾಗಾಗಿ ಕೆಲವು ತಿಂಗಳಿಗೊಮ್ಮೆ ಚೂರು ಬದಲಿಸಲೇಬೇಕು.

ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ನೀರಿನಲ್ಲಿ ಲೀಟರಿಗೆ 4 ಮಿಲಿಗ್ರಾಂ ಫ್ಲೋರೈಡ್ ಇದೆ. ಭಾರತೀಯ ಮಾನಕದ ಪ್ರಕಾರ ಅದು 1ಕ್ಕೆ ಇಳಿಯಬೇಕು (ಬೇರೆ ನೀರೇ ಇಲ್ಲದಿದ್ದರೆ 1.5). ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್. ಅಂದರೆ 60 ಮಿಲಿಗ್ರಾಂ ತೆಗೆಯಬೇಕು. ಒಂದು ಗ್ರಾಂ ಪುಡಿ 1 ಮಿಲಿಗ್ರಾಂ ಹಿಡಿಯುತ್ತದೆ ಅಂತ ಇಟ್ಟುಕೊಂಡರೆ ದಿನಕ್ಕೆ 60 ಗ್ರಾಂ, ತಿಂಗಳಿಗೆ ಹತ್ತಿರಹತ್ತಿರ ಎರಡು ಕೆಜಿ. ಇನ್ನೂರು ಮನೆಯ ಊರಿಗೆ ವರ್ಷಕ್ಕೆ ನಾಲ್ಕು ಟನ್ ದಾಟುತ್ತದೆ. ಅಷ್ಟು ಹುಣಸೆ ಬೀಜ ಒಟ್ಟು ಮಾಡಿ, ಸುಟ್ಟು, ಜರಡಿ ಹಿಡಿಯುವವರು ಯಾರು? ಬಳಸಿದ ಪುಡಿಯನ್ನು ತಿಪ್ಪೆಗೆ ಸುರಿದರೆ ಮಳೆ ಬಂದಾಗ ಫ್ಲೋರೈಡ್ ಮತ್ತೆ ಎಲ್ಲಿಗೆ ಹೋಗುತ್ತದೆ?

ಈ ಕೊನೆಯ ಪ್ರಶ್ನೆಯನ್ನು ತಲೆಗೆ ಹಚ್ಚಿಕೊಂಡವರು ಕಡಿಮೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸುಧಾಕರ ರಾವ್ ಮತ್ತು ಜೊತೆಯವರು ಮೆಗ್ನೀಸಿಯಂ ಆಕ್ಸೈಡ್ ಬಳಸುವ ಮನೆಮಟ್ಟದ ವಿಧಾನ ಮಾಡಿದಾಗ, ಉಳಿದ ಗಸಿಯನ್ನು ಮಣ್ಣಿನ ಇಟ್ಟಿಗೆಯೊಳಗೆ ಸೇರಿಸಿ ಕಟ್ಟಿಹಾಕುವುದನ್ನೂ ಜೊತೆಗೇ ಯೋಚಿಸಿದರು. ಅದರಲ್ಲೂ ತಾಪತ್ರಯ ಇದೆ, ನೀರಿನ ಪಿಎಚ್ ಮೇಲಕ್ಕೆ ಹೋಗುತ್ತದೆ, ಅದನ್ನು ಮತ್ತೆ ಇಳಿಸಬೇಕು.

ಹುಣಸೆಗೆ ಇನ್ನೊಂದು ಕಥೆಯೂ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಹುಡುಗರಿಗೆ ಊಟದ ಜೊತೆ ದಿನಾ ಹುಣಸೆಹಣ್ಣು ಕೊಟ್ಟು ನೋಡಿದರು, 2002ರಲ್ಲಿ ಪ್ರಕಟವಾಯಿತು. ಮೂತ್ರದಲ್ಲಿ ಹೊರಹೋಗುವ ಫ್ಲೋರೈಡ್ ಹೆಚ್ಚಾಗಿತ್ತು. ಇದು ಔಷಧಿ ಅಂತ ಅಲ್ಲ, ನೀರು ಸರಿಯಾಗದೆ ಸಾರು ಏನು ಮಾಡೀತು. ಆದರೂ ಬೀಜಕ್ಕೆ ಸಿಕ್ಕಷ್ಟು ಪ್ರಚಾರ ಹಣ್ಣಿಗೆ ಸಿಗಲಿಲ್ಲ.

ಈಗ ಊರೂರಲ್ಲಿ ನಾಣ್ಯ ಹಾಕಿದರೆ ಕ್ಯಾನ್ ತುಂಬುವ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ಅವುಗಳಲ್ಲಿರುವ ಆರ್‌ಒ (ಒತ್ತಡ ಹಾಕಿ ತೆಳು ಪೊರೆಯಲ್ಲಿ ನೀರು ಸೋಸುವ ವಿಧಾನ) ಫ್ಲೋರೈಡ್ ತೆಗೆಯುತ್ತದೆ, ಆದರೆ ಒಳಗೆ ಹೋದ ನೀರಿನಲ್ಲಿ ಒಂದು ಪಾಲು, ಹೆಚ್ಚು ಫ್ಲೋರೈಡ್ ಹೊತ್ತು, ಹಿಂದಿನ ಮೋರಿಗೆ ಬೀಳುತ್ತದೆ. ಘಟಕ ಕೆಟ್ಟ ದಿನ ಜನ ಮತ್ತೆ ಬೋರ್‌ವೆಲ್ಲಿಗೆ ಬಿಂದಿಗೆ ಹಿಡಿಯುತ್ತಾರೆ.

ಪುಡಿಯಾಗಲಿ ಇಟ್ಟಿಗೆಯಾಗಲಿ, ಫಿಲ್ಟರ್ ತುಂಬಿಹೋಗಿದೆ ಅಂತ ಅದೇ ಹೇಳುವುದಿಲ್ಲ. ಮೊದಲ ದಿನದ ನೀರಿಗೂ ನೂರನೇ ದಿನದ ನೀರಿಗೂ ನಾಲಿಗೆಯಲ್ಲಿ ವ್ಯತ್ಯಾಸವಿಲ್ಲ. ಅದಕ್ಕೆ ಪರೀಕ್ಷಾ ಕಿಟ್ಟಿನ ಪುಟ್ಟ ಬಾಟಲಿ ಬೇಕು. ಅದರ ಗುಲಾಬಿ ದ್ರಾವಣವನ್ನು ನೀರಿಗೆ ಬಿಟ್ಟು, ಕಾರ್ಡಿನ ಬಣ್ಣಗಳ ಪಕ್ಕ ಹಿಡಿದು ನೋಡಬೇಕು. ಗುಲಾಬಿಯಾಗೇ ಇದ್ದರೆ ಇನ್ನೂ ಕುಡಿಯಬಹುದು. ಹಳದಿಗೆ ತಿರುಗಿದರೆ ಚೂರು ಬದಲಿಸುವ ಹೊತ್ತು.