ಪದ ಪರಿಚಯ: ಜಾವಾ ವೆಬ್ ಅಪ್ಲಿಕೇಶನ್‌ನ ಪ್ಲಗಿನ್

ಜಾವಾ ವೆಬ್ ಅಪ್ಲಿಕೇಶನ್ ಸಾಮಾನ್ಯವಾಗಿ ಒಂದೇ ವಾರ್ ಫೈಲ್ (ಇಡೀ ಅಪ್ಲಿಕೇಶನ್ ಕಟ್ಟಿದ ಪೊಟ್ಟಣ) ಆಗಿ ಸರ್ವರ್‌ಗೆ ಹೋಗುತ್ತದೆ. ಸಣ್ಣದೊಂದು ರಿಪೋರ್ಟ್ ಸೇರಿಸಬೇಕೆಂದರೂ ಮತ್ತೆ ಬಿಲ್ಡ್, ಮತ್ತೆ ಟೆಸ್ಟ್, ಮತ್ತೆ ಡಿಪ್ಲಾಯ್. ವಾರ್ ಫೈಲನ್ನು ಮುಟ್ಟದೆ, ಹೊರಗಿಂದ ಬೇರೆ ಜಾರ್ (ಜಾವಾ ಕೋಡ್‌ನ ಪೊಟ್ಟಣ) ಕೊಟ್ಟು ಆ ಕೆಲಸ ಮಾಡಿಸಿದರೆ ಆ ಜಾರ್ ಒಂದು ಪ್ಲಗಿನ್. ಬಿಲ್ಡ್, ಟೆಸ್ಟ್ ಕೆಲಸಗಳನ್ನು ತಾನಾಗಿಯೇ ಮಾಡುವ ಜೆಂಕಿನ್ಸ್ ಬಳಸುವವರು ಇದನ್ನು ದಿನಾ ನೋಡುತ್ತಾರೆ. ಅದು ಬರುವುದು ಒಂದು ವಾರ್ ಆಗಿ. ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನ ಬೆಂಬಲವೂ ಸೇರಿ ಬೇಕಾದ್ದೆಲ್ಲ ಪ್ಲಗಿನ್ಸ್ ಫೋಲ್ಡರ್‌ಗೆ ಆಮೇಲೆ ಬಂದು ಸೇರುತ್ತದೆ.

ಜಾವಾ 6ರಿಂದ ಇದಕ್ಕೆ ಸರ್ವಿಸ್‌ಲೋಡರ್ ಇದೆ, ಪ್ಲಗಿನ್ ಹುಡುಕಿ ತರುವ ಸೌಲಭ್ಯ. ಅಪ್ಲಿಕೇಶನ್ ಒಂದು ಇಂಟರ್‌ಫೇಸ್ (ಯಾವ ಕೆಲಸಗಳನ್ನು ಮಾಡಬೇಕು ಅನ್ನುವ ಪಟ್ಟಿ) ಕೊಡುತ್ತದೆ, ಪ್ಲಗಿನ್ ಅದನ್ನು ಇಂಪ್ಲಿಮೆಂಟ್ ಮಾಡುತ್ತದೆ. ಜಾರ್ ಒಳಗಿನ ಮೆಟಾ-ಇನ್ಫ್/ಸರ್ವಿಸಸ್ ಫೋಲ್ಡರ್‌ನಲ್ಲಿ ಒಂದು ಟೆಕ್ಸ್ಟ್ ಫೈಲ್. ಫೈಲಿನ ಹೆಸರು ಇಂಟರ್‌ಫೇಸ್‌ನ ಪೂರ್ತಿ ಹೆಸರು, ಒಳಗೆ ನಮ್ಮ ಕ್ಲಾಸಿನ ಹೆಸರು. ಅಷ್ಟೇ.

ಜನ ಎಡವುವುದು ಕ್ಲಾಸ್‌ಲೋಡರ್, ಅಂದರೆ ಕ್ಲಾಸ್‌ಗಳನ್ನು ಮೆಮೊರಿಗೆ ತರುವ ಭಾಗದ ಹತ್ತಿರ. ಹೊರಗಿನ ಜಾರ್ ಓದಲು ಯುಆರ್‌ಎಲ್ ಕ್ಲಾಸ್‌ಲೋಡರ್ ಮಾಡಿಕೊಳ್ಳಬೇಕು, ಅದಕ್ಕೆ ಅಪ್ಲಿಕೇಶನ್‌ನ ಕ್ಲಾಸ್‌ಲೋಡರನ್ನೇ ಪೇರೆಂಟ್ (ಕ್ಲಾಸ್ ಬೇಕಾದಾಗ ಮೊದಲು ಕೇಳುವ ಲೋಡರ್) ಆಗಿ ಕೊಡಬೇಕು. ಜಾವಾ ವೆಬ್ ಅಪ್ಲಿಕೇಶನ್ ಓಡಿಸುವ ಟಾಮ್‌ಕ್ಯಾಟ್ ಸರ್ವರ್‌ನಲ್ಲಿ ಪೇರೆಂಟ್ ಕೊಡುವುದನ್ನು ಮರೆತು, ಇಂಟರ್‌ಫೇಸ್‌ನ ಇನ್ನೊಂದು ಕಾಪಿಯನ್ನು ಪ್ಲಗಿನ್ ಜಾರ್‌ಗೂ ತುರುಕಿದರೆ ಬರುವ ಎರರ್ 'ನಾಟ್ ಎ ಸಬ್‌ಟೈಪ್'. ಎರಡೂ ಕಡೆ ಹೆಸರು ಒಂದೇ, ಕೋಡ್ ಒಂದೇ, ಆದರೂ ಜಾವಾ ಒಪ್ಪುವುದಿಲ್ಲ. ಬೇರೆ ಬೇರೆ ಲೋಡರ್ ತಂದ ಕ್ಲಾಸ್‌ಗಳು ಅದರ ಲೆಕ್ಕದಲ್ಲಿ ಬೇರೆ ಬೇರೆಯೇ.

ಪ್ಲಗಿನ್‌ನಲ್ಲಿ ಸರ್ವ್‌ಲೆಟ್ (ಬ್ರೌಸರ್‌ನ ಕೋರಿಕೆಗೆ ಉತ್ತರಿಸುವ ಕ್ಲಾಸ್) ಇದ್ದರೆ? 2009ರ ಸರ್ವ್‌ಲೆಟ್ 3.0 ತಂದ ವೆಬ್-ಫ್ರಾಗ್ಮೆಂಟ್ ಇದೆ, ಸರ್ವ್‌ಲೆಟ್‌ನ ಸೆಟ್ಟಿಂಗ್ ಜಾರ್ ಒಳಗೇ ಇಡುವ ದಾರಿ. ಆ ಜಾರ್ ಅಪ್ಲಿಕೇಶನ್ ಒಳಗಿನ ವೆಬ್-ಇನ್ಫ್/ಲಿಬ್‌ನಲ್ಲಿ ಇರಬೇಕು ನಿಜ. ಆದರೆ ಟಾಮ್‌ಕ್ಯಾಟ್ 8ರಿಂದ ಅಪ್ಲಿಕೇಶನ್‌ನ ಸೆಟ್ಟಿಂಗ್ ಇರುವ ಕಾಂಟೆಕ್ಸ್ಟ್ ಫೈಲ್‌ನಲ್ಲಿ ಪೋಸ್ಟ್‌ರಿಸೋರ್ಸಸ್ ಅಂತ ಬರೆದು, ಹೊರಗಿನ ಫೋಲ್ಡರನ್ನೇ ಆ ಜಾಗದಲ್ಲಿ ಕಾಣುವ ಹಾಗೆ ಮಾಡಬಹುದು. ಆಮೇಲೆ ಅಪ್ಲಿಕೇಶನ್ ರೀಲೋಡ್ ಮಾಡಬೇಕು.

ಇಲ್ಲೊಂದು ಗೊಂದಲ ಜಾಸ್ತಿ. ರೀಬಿಲ್ಡ್ ಬೇಡ ಅನ್ನುವುದು ಬೇರೆ, ರೀಸ್ಟಾರ್ಟ್ ಬೇಡ ಅನ್ನುವುದು ಬೇರೆ. ಹೊಸ ಪ್ಲಗಿನ್ ಹಾಕುವುದು ಸುಲಭ, ಹಳೆಯದನ್ನು ತೆಗೆಯುವುದೇ ಕಷ್ಟ. ಜೆಂಕಿನ್ಸ್ ಕೂಡ ಹೊಸ ಪ್ಲಗಿನ್ನನ್ನು ಸಾಮಾನ್ಯವಾಗಿ ಓಡುತ್ತಿರುವಾಗಲೇ ಸೇರಿಸಿಕೊಳ್ಳುತ್ತದೆ. ಇರುವುದನ್ನು ಅಪ್‌ಡೇಟ್ ಮಾಡಿದರೆ ಮಾತ್ರ ರೀಸ್ಟಾರ್ಟ್ ಕೇಳುತ್ತದೆ. ಪ್ಲಗಿನ್ ಶುರುಮಾಡಿದ ಒಂದು ಥ್ರೆಡ್ (ಹಿನ್ನೆಲೆಯ ಕೆಲಸ) ಇನ್ನೂ ಓಡುತ್ತಿದ್ದರೂ ಸಾಕು, ಅಥವಾ ಅದು ರಿಜಿಸ್ಟರ್ ಮಾಡಿದ ಜೆಡಿಬಿಸಿ ಡ್ರೈವರ್ (ಡೇಟಾಬೇಸ್ ಜೊತೆ ಮಾತಾಡುವ ಕೋಡ್) ಹಾಗೇ ಉಳಿದರೂ ಸಾಕು, ಹಳೆಯ ಕ್ಲಾಸ್‌ಲೋಡರ್ ಮೆಮೊರಿಯಿಂದ ಹೋಗುವುದಿಲ್ಲ. ಜಾವಾ 8ಕ್ಕೆ ಮೊದಲು ಎಲ್ಲರನ್ನೂ ಕಾಡಿದ, ಕ್ಲಾಸ್‌ಗಳಿಗಿಟ್ಟ ಮೆಮೊರಿ ತುಂಬಿದಾಗ ಬರುವ ಪರ್ಮ್‌ಜೆನ್ ಎರರ್ ಎಷ್ಟೋ ಸಲ ಹೀಗೇ ಹುಟ್ಟುತ್ತಿತ್ತು. ಈಗ ಅದೇ ಸೋರಿಕೆ ಪರ್ಮ್‌ಜೆನ್ ಜಾಗಕ್ಕೆ ಬಂದ ಮೆಟಾಸ್ಪೇಸ್‌ನಲ್ಲಿ ಕಾಣುತ್ತದೆ.

ಓಡುತ್ತಿರುವಾಗಲೇ ಹಾಕಿ ತೆಗೆಯಲೇಬೇಕು ಅಂದರೆ ಅದಕ್ಕೆಂದೇ ಓಎಸ್‌ಜಿಐ ಅನ್ನುವ ಮಾಡ್ಯೂಲ್ ವ್ಯವಸ್ಥೆ ಇದೆ. ಕೋಡ್ ಬರೆಯುವ ತಂತ್ರಾಂಶ ಎಕ್ಲಿಪ್ಸ್ ನಿಂತಿರುವುದು ಅದರ ಮೇಲೇ. ಆದರೆ ರಾತ್ರಿ ಎರಡು ನಿಮಿಷ ಸರ್ವರ್ ನಿಲ್ಲಿಸಬಹುದಾದ ಕಡೆ ಅಷ್ಟೆಲ್ಲ ಸುಮ್ನೆ ತಲೆನೋವು. ಸರ್ವಿಸ್‌ಲೋಡರ್ ಮತ್ತು ರೀಸ್ಟಾರ್ಟ್ ಸಾಕು. ಪ್ಲಗಿನ್ಸ್ ಫೋಲ್ಡರ್‌ಗೆ ಯಾರು ಬರೆಯಬಹುದು ಅನ್ನುವುದನ್ನು ಮಾತ್ರ ಮೊದಲೇ ಬಿಗಿ ಮಾಡಿ. ಅಲ್ಲಿ ಬಿದ್ದ ಜಾರ್‌ಗೆ ಅಪ್ಲಿಕೇಶನ್ ಮಾಡಬಹುದಾದದ್ದನ್ನೆಲ್ಲ ಮಾಡುವ ಅಧಿಕಾರ ಸಿಗುತ್ತದೆ, ಡೇಟಾಬೇಸ್ ಅಳಿಸುವುದೂ ಸೇರಿ.