ಬಾಜೂ ಹೊಲದಾಗ ಏನಾತ್ರಿ?

ಒಂದು ಕಥೆ. ಮೂರೇ ಸಾಲು.

"ಒಬ್ಬ ರೈತನ ತೊಗರಿಗೆ ಹೋದ ವರ್ಷ ನೆಟೆ ರೋಗ ಬಂದಿತ್ತು. ಈ ವರ್ಷ ಅಂಗಡಿಯವನು ಕೊಟ್ಟ ಪುಡಿ ಹಾಕಿದ. ಒಂದು ಗಿಡವೂ ಒಣಗಲಿಲ್ಲ."

ಆಳಂದ ಕಡೆಯ ಹಳ್ಳಿಯೊಂದರಲ್ಲಿ ಏಳನೇ ಕ್ಲಾಸಿನ ಮಕ್ಕಳಿಗೆ ಇದನ್ನು ಓದಿ ಹೇಳಿ, "ಈಗ ಪ್ರಶ್ನೆ ಕೇಳಿ" ಎಂದೆ. ಮೊದಲು ಬಂದದ್ದು, "ಆ ಪುಡಿ ಹೆಸರೇನ್ರಿ ಸರ್?"

ನಗು ಬಂತು. ಆದರೆ ದೊಡ್ಡವರೂ ಅದನ್ನೇ ಕೇಳುತ್ತಾರೆ, ಅಲ್ವಾ? ಪುಡಿಯಿಂದಲೇ ಬೆಳೆ ಉಳಿಯಿತು ಅಂತ ಕಥೆಯಲ್ಲಿ ಎಲ್ಲೂ ಇಲ್ಲ. ಎರಡನೇ ಸಾಲಿಗೂ ಮೂರನೇ ಸಾಲಿಗೂ ಗಂಟು ಹಾಕಿದ್ದು ನಮ್ಮ ತಲೆ. ಕಥೆ ಉದ್ದವಾಗಿದ್ದರೆ ಈ ಗಂಟು ಕಾಣುವುದೇ ಇಲ್ಲ. ಮೂರು ಸಾಲಿನಲ್ಲಿ ಬಿಟ್ಟ ಜಾಗ ಎದ್ದು ಕಾಣುತ್ತದೆ.

ಆಮೇಲೆ ಹಿಂದಿನ ಸಾಲಿನ ಹುಡುಗಿ ಕೇಳಿದಳು: "ಬಾಜೂ ಹೊಲದಾಗ ಏನಾತ್ರಿ?"

ಪುಡಿ ಹಾಕದ ಹೊಲವೂ ಹಸಿರಾಗಿಯೇ ಇದ್ದರೆ ಪುಡಿಯ ಕಥೆ ಮುಗಿಯಿತು! ಅಲ್ಲಿಂದ ಪ್ರಶ್ನೆಗಳ ಮಳೆ. "ಬೀಜ ಅದೇನಾ ಇಲ್ಲಾ ಟಿಎಸ್-3ಆರ್ ಹಾಕಿದ್ನೋ?" ಅದು ನೆಟೆ ತಡೆಯುವ ತಳಿ. "ಹೋದ ವರ್ಷನೂ ಅದೇ ಹೊಲದಾಗ ತೊಗರಿ ಹಾಕಿದ್ನೇನ್ರಿ?" ಇದಂತೂ ಬಂಗಾರದಂಥ ಪ್ರಶ್ನೆ. ನೆಟೆಗೆ ಕಾರಣ ಫ್ಯುಸೇರಿಯಂ ಎಂಬ ಶಿಲೀಂಧ್ರ. ಬೇರಿನಿಂದ ಒಳಹೊಕ್ಕು ನೀರು ಏರುವ ನಾಳಗಳನ್ನೇ ಕಟ್ಟಿಬಿಡುತ್ತದೆ. ಹಳೇ ಕಟ್ಟಿಗೆ, ಬೇರುಗಳ ಜೊತೆ ಮಣ್ಣಿನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ನಡುವೆ ಜೋಳ ಬೆಳೆದರೆ ಅದರ ಕಾಟ ಕಡಿಮೆ. ರೈತರ ಮಕ್ಕಳಿಗೆ ಇದನ್ನು ನಾನೇನು ಹೇಳಿಕೊಡುವುದು?

1960ರಲ್ಲಿ ಪೀಟರ್ ವೇಸನ್ ಎಂಬ ಮನಶ್ಶಾಸ್ತ್ರಜ್ಞ ಜನರಿಗೆ 2, 4, 6 ಎಂಬ ಅಂಕಿ ಕೊಟ್ಟು, ಇದರ ಹಿಂದಿನ ನಿಯಮ ಹುಡುಕಿ ಎಂದ. ಬೇರೆ ಅಂಕಿ ಹೇಳಿ ನೋಡಬಹುದಿತ್ತು. ಎರಡೆರಡು ಕೂಡುವುದೇ ನಿಯಮ ಅಂದುಕೊಂಡವರು 8, 10, 12 ಅಂತಲೇ ಹೇಳುತ್ತಾ ಹೋದರು. ಪ್ರತಿ ಸಲವೂ 'ಸರಿ' ಎಂಬ ಉತ್ತರ. ನಿಜವಾದ ನಿಯಮ ಇಷ್ಟೇ: ಅಂಕಿ ಏರುತ್ತಾ ಹೋಗಬೇಕು. ಒಮ್ಮೆ 1, 2, 3 ಅಂದಿದ್ದರೆ ಅದಕ್ಕೂ 'ಸರಿ' ಎಂಬ ಉತ್ತರ ಬಂದು, ತಮ್ಮ ಊಹೆ ತಪ್ಪು ಅಂತ ಗೊತ್ತಾಗುತ್ತಿತ್ತು. ಬಾಜೂ ಹೊಲದ ಪ್ರಶ್ನೆ ಈ ಜಾತಿಯದು.

ಮುಂದಿನ ವಾರ ಮಕ್ಕಳೇ ಕಥೆ ಬರೆದು ತಂದರು. "ಅಜ್ಜಿ ಸೆರಗಿನಲ್ಲಿ ಉಳ್ಳಾಗಡ್ಡಿ ಕಟ್ಟಿಕೊಂಡು ಸಂತೆಗೆ ಹೋದಳು. ಬಿಸಿಲು ಬಡಿಯಲಿಲ್ಲ." ಎಷ್ಟು ಹೊತ್ತಿಗೆ ಹೋದಳು, ನೀರು ಕುಡಿದಳಾ, ಉಳ್ಳಾಗಡ್ಡಿ ಇಲ್ಲದವರೆಲ್ಲ ಬಿದ್ದರಾ ಅಂತ ಪ್ರಶ್ನೆಗಳು ಬಂದವು. ಬರೆದ ಹುಡುಗ ಮನೆಯಲ್ಲೂ ಕೇಳಿದನಂತೆ. ಅಜ್ಜಿ ಅಂದಳಂತೆ: "ಮೊದ್ಲ ಉಳ್ಳಾಗಡ್ಡಿ ಕಿಸೆದಾಗ ಇಟ್ಕೋ, ಆಮ್ಯಾಲೆ ಕೇಳು."