ಲಾರ್ಜಾಕ್: ಕುರಿಗಾಹಿಗಳು ಬಿಟ್ಟುಕೊಡದ ಬಯಲು

ದಕ್ಷಿಣ ಫ್ರಾನ್ಸಿನ ಅವೇರೋನ್ ಕಡೆಗೆ ಹೋಗುವ ಪ್ರವಾಸಿಗರು ಸಾಮಾನ್ಯವಾಗಿ ನೋಡಿಬರುವ ಜಾಗಗಳು ಇವು: ಮಿಯೊ ಊರಿನ ಪಕ್ಕ ತಾರ್ನ್ ನದಿಯನ್ನು ದಾಟುವ ಎತ್ತರದ ಸೇತುವೆ, ರೊಕ್‌ಫೋರ್ ಚೀಸ್ ಮಾಗಿಸುವ ಗುಹೆಗಳು, ಟೆಂಪ್ಲರ್ ಎಂಬ ಕ್ರೈಸ್ತ ಯೋಧ ಸನ್ಯಾಸಿಗಳ ಕಾಲದ ಕೋಟೆ ಊರು ಲಾ ಕುವೆರ್ತುವಾರಾದ್, ಮತ್ತು ವಿಸ್ ನದಿ ಕೊರೆದಿರುವ ನವಸೆಲ್ ಕಣಿವೆ. ಈ ಜಾಗಗಳ ನಡುವೆ ಹರಡಿಕೊಂಡಿರುವ ಬಯಲೇ ಲಾರ್ಜಾಕ್. ಸುಮಾರು ಸಾವಿರ ಚದರ ಕಿಲೋಮೀಟರ್ ಸುಣ್ಣಕಲ್ಲಿನ ಪ್ರಸ್ಥಭೂಮಿ ಅದು. ಕಾರಿನ ಕಿಟಕಿಯಿಂದ ನೋಡಿದರೆ ಕಲ್ಲು, ಒಣಗಿದ ಹುಲ್ಲು, ದೂರದಲ್ಲೊಂದು ಕುರಿಮಂದೆ ಅಷ್ಟೇ ಕಾಣುತ್ತದೆ. 1971ರಲ್ಲಿ ಪ್ಯಾರಿಸ್ಸಿನಲ್ಲಿ ಕೂತ ಸರ್ಕಾರದವರ ಕಣ್ಣಿಗೂ ಅದು ಖಾಲಿ ಜಾಗವಾಗಿಯೇ ಕಂಡಿತ್ತು.

ಆದರೆ ಲಾರ್ಜಾಕ್ ಯಾವತ್ತೂ ಖಾಲಿ ಇರಲಿಲ್ಲ. ಅಲ್ಲಿ ಇರುವ ಕೊರತೆ ನೀರಿನದು. ಬಿದ್ದ ಮಳೆ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದುಹೋಗಿ ಕೆಳಗಿನ ಕಣಿವೆಗಳಲ್ಲಿ ಬುಗ್ಗೆಯಾಗಿ ಹೊರಬರುತ್ತದೆ. ಮೇಲಿನ ಬಯಲಿನಲ್ಲಿ ಹೊಳೆಯೂ ಇಲ್ಲ, ತೊರೆಯೂ ಇಲ್ಲ. ಅದಕ್ಕೇ ಅಲ್ಲಿನ ಜನ ತಗ್ಗು ನೋಡಿ ಗುಂಡಗಿನ ಕಟ್ಟೆಗಳನ್ನು ಮಾಡಿಕೊಂಡರು. ತಳಕ್ಕೆ ಜೇಡಿಮಣ್ಣು ಮೆತ್ತಿ, ಅದರ ಮೇಲೆ ಕಲ್ಲು ಹಾಸಿದರು. ಬರೀ ಮಣ್ಣಿದ್ದರೆ ಕುರಿಗಳ ಗೊರಸು ಚುಚ್ಚಿ ಚುಚ್ಚಿ ನೀರು ಸೋರಿಹೋಗುತ್ತದಲ್ಲ, ಅದಕ್ಕೆ ಈ ಕಲ್ಲುಹಾಸು. ಸುತ್ತಲಿಂದ ಒಳಕ್ಕೆ ಇಳಿಜಾರು ಇರುವುದರಿಂದ ಮಂದೆಯೆಲ್ಲ ಒಟ್ಟಿಗೆ ಇಳಿದು ನೀರು ಕುಡಿಯಬಹುದು. ಸ್ಥಳೀಯರು ಇದನ್ನು ಲವೋನ್ಯ ಅನ್ನುತ್ತಾರೆ. ಲಾ ಕುವೆರ್ತುವಾರಾದ್ ಕೋಟೆಯ ಹೊರಗೇ ಒಂದು ಇದೆ. ಪ್ರವಾಸಿಗರಲ್ಲಿ ಹೆಚ್ಚಿನವರು ಬುರುಜಿನ ಫೋಟೋ ತೆಗೆದು ಮುಂದೆ ಹೋಗಿಬಿಡುತ್ತಾರೆ. ನನ್ನನ್ನು ಕೇಳಿದರೆ, ಬುರುಜಿಗಿಂತ ಜಾಸ್ತಿ ಹೊತ್ತು ನಿಂತು ನೋಡಬೇಕಾದದ್ದು ಈ ಕಟ್ಟೆಯನ್ನು.

ಟೆಂಪ್ಲರ್‌ಗಳು ಇಲ್ಲಿಗೆ ಬಂದದ್ದು 12ನೇ ಶತಮಾನದಲ್ಲಿ. ಜೆರುಸಲೇಮಿನ ಕಡೆ ಯುದ್ಧ ಮಾಡುತ್ತಿದ್ದ ತಮ್ಮ ಸಂಘಕ್ಕೆ ಕುದುರೆ, ಧಾನ್ಯ, ಉಣ್ಣೆ, ಹಣ ಒದಗಿಸಲು ಅವರಿಗೆ ಜಮೀನು ಬೇಕಿತ್ತು. ಸಾಂತ್ ಉಲಾಲಿ ಎಂಬ ಊರನ್ನು ಕೇಂದ್ರ ಮಾಡಿಕೊಂಡು ಬಯಲನ್ನು ನಡೆಸಿದರು. 1312ರಲ್ಲಿ ಆ ಸಂಘವೇ ರದ್ದಾಯಿತು, ಆಸ್ತಿ ಹಾಸ್ಪಿಟಲರ್ ಎಂಬ ಇನ್ನೊಂದು ಸಂಘದ ಪಾಲಾಯಿತು. ಈಗ ನಾವು ಟೆಂಪ್ಲರ್ ಕೋಟೆ ಎಂದು ಮೆಚ್ಚುವ ಲಾ ಕುವೆರ್ತುವಾರಾದ್‌ನ ಸುತ್ತುಗೋಡೆ ನಿಜವಾಗಿ 15ನೇ ಶತಮಾನದಲ್ಲಿ ಹಾಸ್ಪಿಟಲರ್‌ಗಳು ಕಟ್ಟಿಸಿದ್ದು. ಯಜಮಾನರು ಬದಲಾದರೂ ಕುರಿ ಸಾಕಣೆ ಮಾತ್ರ ನಿಲ್ಲಲಿಲ್ಲ.

ಕುರಿಯ ಹಾಲೇ ರೊಕ್‌ಫೋರ್ ಚೀಸ್ ಆಗುವುದು. ಅದನ್ನು ಮಾಗಿಸುವ ಗುಹೆಗಳಿರುವ ಕೊಂಬಲು ಎಂಬ ಬೆಟ್ಟ ಹಿಂದೆಂದೋ ಕುಸಿದಾಗ ಉಂಟಾದ ಬಿರುಕುಗಳಲ್ಲಿ ತಂಪಾದ, ತೇವದ ಗಾಳಿ ಸದಾ ಆಡುತ್ತದೆ. ಚೀಸಿನ ಒಳಗೆ ನೀಲಿ ಬೂಸ್ಟು ಬೆಳೆಯಲು ಆ ಗಾಳಿ ಬೇಕೇ ಬೇಕು. 1925ರಲ್ಲಿ ಫ್ರಾನ್ಸ್ ಈ ಹೆಸರಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ಹಾಲೆಲ್ಲ ಚೀಸಿಗೆ ಹೋಗಬೇಕಾದ್ದರಿಂದ ಎಳೆ ಮರಿಗಳನ್ನು ಬೇಗ ಮಾರುತ್ತಿದ್ದರು. ಅವುಗಳ ಮೆತ್ತನೆಯ ಚರ್ಮದಿಂದ ಮಿಯೊ ಊರು ಕೈಗವಸಿಗೆ ಹೆಸರಾಯಿತು.

ಇಂಥ ಬಯಲಿನ ಲಾ ಕವಲರಿ ಊರಿನ ಪಕ್ಕ 1902ರಿಂದ ಒಂದು ಸೇನಾ ಶಿಬಿರ ಇತ್ತು. ವಿಸ್ತೀರ್ಣ ಸುಮಾರು 3,000 ಹೆಕ್ಟೇರ್. ಅದರ ಜೊತೆ ರೈತರು ಹೇಗೋ ಹೊಂದಿಕೊಂಡಿದ್ದರು. 1971ರ ಅಕ್ಟೋಬರ್‌ನಲ್ಲಿ ರಕ್ಷಣಾ ಮಂತ್ರಿ ಮಿಶೆಲ್ ದೆಬ್ರೆ ಅದನ್ನು 17,000 ಹೆಕ್ಟೇರಿಗೆ, ಅಂದರೆ ಸುಮಾರು 42,000 ಎಕರೆಗೆ ಹಿಗ್ಗಿಸುವುದಾಗಿ ಘೋಷಿಸಿದರು. ನೂರಕ್ಕೂ ಹೆಚ್ಚು ಕುಟುಂಬಗಳ ಜಮೀನು ಹೋಗುವುದರಲ್ಲಿತ್ತು. ಅವರಲ್ಲಿ ಹೆಚ್ಚಿನವರು ಚರ್ಚಿಗೆ ತಪ್ಪದೆ ಹೋಗುವ, ಸರ್ಕಾರದ ಮಾತು ಮೀರದ ಸಂಪ್ರದಾಯಸ್ಥ ಜನ. ಹೋರಾಟ ಗೊತ್ತಿದ್ದವರಲ್ಲ.

ಇಲ್ಲಿ ಗಾಂಧೀಜಿ ಬರುತ್ತಾರೆ. ಲಾಂಝಾ ದೆಲ್ ವಾಸ್ತೋ ಎಂಬ ಇಟಲಿ ಮೂಲದ ಕವಿ 1930ರ ದಶಕದಲ್ಲಿ ಭಾರತಕ್ಕೆ ಬಂದು ವಾರ್ಧಾದಲ್ಲಿ ಗಾಂಧಿಯವರ ಜೊತೆ ಇದ್ದವರು. ಗಾಂಧಿ ಅವರಿಗೆ ಶಾಂತಿದಾಸ ಎಂದು ಹೆಸರಿಟ್ಟಿದ್ದರು. ಆಮೇಲೆ ಅವರು ಫ್ರಾನ್ಸಿನಲ್ಲಿ, ಲಾರ್ಜಾಕ್‌ಗೆ ದೂರವಲ್ಲದ ಬೆಟ್ಟಗಳಲ್ಲಿ ಆಶ್ರಮ ಕಟ್ಟಿಕೊಂಡರು. 1972ರ ಮಾರ್ಚ್‌ನಲ್ಲಿ ಲಾ ಕವಲರಿಗೆ ಬಂದು 15 ದಿನ ಉಪವಾಸ ಕೂತರು. ಆಗ ಅವರಿಗೆ 70 ದಾಟಿತ್ತು. ರೈತರು ಸರದಿಯ ಮೇಲೆ ಬಂದು ಜೊತೆಗೆ ಉಪವಾಸ ಮಾಡಿದರು. ಕೈ ಎತ್ತದೆಯೂ ಎದುರು ನಿಲ್ಲಬಹುದು ಅನ್ನುವುದು ಅವರಿಗೆ ಮನದಟ್ಟಾದದ್ದು ಅಲ್ಲಿ. ಅದೇ ತಿಂಗಳ ಕೊನೆಗೆ 103 ರೈತರು ಒಂದು ಕಾಗದಕ್ಕೆ ಸಹಿ ಹಾಕಿದರು: ಯಾರೂ ಸೇನೆಗೆ ಜಮೀನು ಮಾರುವುದಿಲ್ಲ. ಈ ಒಂದು ಮಾತು ಮುಂದಿನ ಹತ್ತು ವರ್ಷ ಅವರನ್ನು ಒಟ್ಟಿಗೆ ಹಿಡಿದಿಟ್ಟಿತು.

ಆ ಹತ್ತು ವರ್ಷಗಳಲ್ಲಿ ಅವರು ಏನೆಲ್ಲ ಮಾಡಿದರು! 1972ರ ಅಕ್ಟೋಬರ್‌ನಲ್ಲಿ ಐಫೆಲ್ ಗೋಪುರದ ಕೆಳಗೆ 60 ಕುರಿಗಳನ್ನು ತಂದು ಮೇಯಿಸಿದರು. ಮರುವರ್ಷದ ಜನವರಿಯಲ್ಲಿ ಟ್ರ್ಯಾಕ್ಟರ್ ಹತ್ತಿ ಪ್ಯಾರಿಸ್ಸಿಗೆ ಹೊರಟರು. ಓರ್ಲಿಯಾನ್ಸ್ ಹತ್ತಿರ ಪೊಲೀಸರು ತಡೆದಾಗ ಇಳಿದು ನಡೆದೇ ಹೋದರು. 1973ರ ಆಗಸ್ಟ್‌ನಲ್ಲಿ ಬಯಲಿನ ಬಂಡೆಗಳ ನಡುವೆ ನಡೆದ ಸಭೆಗೆ ಹತ್ತಾರು ಸಾವಿರ ಜನ ಬಂದರು. ಕಾರ್ಖಾನೆ ಮುಚ್ಚುವುದನ್ನು ವಿರೋಧಿಸುತ್ತಿದ್ದ ಕೈಗಡಿಯಾರ ಕಾರ್ಮಿಕರು, ವಿದ್ಯಾರ್ಥಿಗಳು, ಪಾದ್ರಿಗಳು, ಉದ್ದ ಕೂದಲಿನ ಹುಡುಗರು ಎಲ್ಲರೂ ಅಲ್ಲಿದ್ದರು. ಆವರೆಗೆ ಇಂಥವರನ್ನು ಹತ್ತಿರ ಸೇರಿಸದ ಕುರಿಗಾಹಿಗಳು ಈಗ ಮನೆಯೊಳಗೆ ಕರೆದು ಊಟ ಹಾಕಿದರು.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಲಾ ಬ್ಲಾಕಿಯೇರ್ ಹಳ್ಳಿಯ ಕುರಿದೊಡ್ಡಿ. ಅದು ಸೇನೆ ಗುರುತು ಹಾಕಿದ್ದ ಜಾಗ, ಕಟ್ಟಲು ಅನುಮತಿ ಸಿಗುವ ಹಾಗಿರಲಿಲ್ಲ. ಆದರೂ 1973ರಲ್ಲಿ ಕೆಲಸ ಶುರು ಮಾಡಿದರು. ದೇಶದ ಮೂಲೆಮೂಲೆಯಿಂದ ಬಂದ ಯುವಕ ಯುವತಿಯರು ಕಲ್ಲು ಹೊತ್ತರು. ತೆರಿಗೆಯಲ್ಲಿ ಶೇ. 3ರಷ್ಟನ್ನು ಸರ್ಕಾರಕ್ಕೆ ಕಟ್ಟದೆ ಈ ರೈತರಿಗೆ ಕಳಿಸಿದವರ ದುಡ್ಡು ಗೋಡೆಯಾಯಿತು. ಹಳೆಯ ಕಾಲದ ಕಮಾನುಗಳ ಮಾದರಿಯಲ್ಲೇ ಎದ್ದ ದೊಡ್ಡಿ ಇವತ್ತಿಗೂ ನಿಂತಿದೆ. ಟೆಂಪ್ಲರ್ ಬುರುಜುಗಳ ಸಾಲಿನಲ್ಲಿ ಇದೂ ಒಂದು ಚಾರಿತ್ರಿಕ ಕಟ್ಟಡ ಅಲ್ವಾ?

ಇನ್ನೊಂದು ಉಪಾಯ ಜಮೀನಿನದು. ಸಾವಿರಾರು ಜನ ಸಣ್ಣ ಸಣ್ಣ ಪಾಲು ಹಾಕಿ, ಸೇನೆ ಕಣ್ಣಿಟ್ಟಿದ್ದ ಹೊಲಗಳನ್ನು ಮೊದಲೇ ಕೊಂಡುಬಿಟ್ಟರು. ಸರ್ಕಾರ ಕೊಂಡು ಪಾಳು ಬಿಟ್ಟ ತೋಟದಮನೆಗಳಿಗೆ ಯುವಜನ ಹೋಗಿ ನೆಲೆಸಿ, ಉಳುಮೆ ಶುರು ಮಾಡಿದರು. 1978ರ ಚಳಿಗಾಲದಲ್ಲಿ ರೈತರ ಒಂದು ತಂಡ ಪ್ಯಾರಿಸ್ಸಿಗೆ ಸುಮಾರು 700 ಕಿಲೋಮೀಟರ್ ನಡೆಯಿತು. ಅಷ್ಟಾದರೂ ಸ್ವಾಧೀನದ ಆದೇಶಗಳು ಬರುತ್ತಲೇ ಇದ್ದವು. ಕೊನೆಗೆ 1981ರ ಮೇ ತಿಂಗಳಲ್ಲಿ ಫ್ರಾಂಸ್ವಾ ಮಿತ್ತರಾಂ ಅಧ್ಯಕ್ಷರಾಗಿ ಆಯ್ಕೆಯಾದರು. ಕೊಟ್ಟ ಮಾತಿನಂತೆ ಜೂನ್‌ನಲ್ಲಿ ಯೋಜನೆಯನ್ನು ಕೈಬಿಟ್ಟರು.

ಲಾರ್ಜಾಕ್‌ನ ಹೆಸರು ಕರ್ನಾಟಕದ ರೈತರ ಕಿವಿಗೂ ಬಿದ್ದದ್ದು 1990ರ ದಶಕದಲ್ಲಿ. ಹೋರಾಟದ ದಿನಗಳಲ್ಲಿ ಲಾರ್ಜಾಕ್‌ಗೆ ಬಂದು ನೆಲೆಸಿದ ಕುರಿಗಾಹಿ ಜೋಸೆ ಬೋವೆ ಅವರ ಸಂಘಟನೆಯೂ ನಮ್ಮ ರಾಜ್ಯ ರೈತ ಸಂಘವೂ ವಿಯಾ ಕಂಪೆಸಿನಾ ಎಂಬ ಒಂದೇ ಅಂತರರಾಷ್ಟ್ರೀಯ ಒಕ್ಕೂಟದಲ್ಲಿದ್ದವು. 1999ರಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ಮುಂದಾಳತ್ವದಲ್ಲಿ ನೂರಾರು ಭಾರತೀಯ ರೈತರು ಯುರೋಪ್ ಸುತ್ತಿದರು. ಅದೇ ವರ್ಷ, ಹಾರ್ಮೋನ್ ಕೊಟ್ಟು ಬೆಳೆಸಿದ ದನದ ಮಾಂಸವನ್ನು ಯುರೋಪ್ ಒಳಗೆ ಬಿಡದ ಜಗಳದಲ್ಲಿ ಅಮೆರಿಕ ರೊಕ್‌ಫೋರ್ ಚೀಸಿನ ಮೇಲೆ ಶೇ. 100 ಸುಂಕ ಹೇರಿತು. ಅದನ್ನು ಪ್ರತಿಭಟಿಸಿ ಆಗಸ್ಟ್‌ನಲ್ಲಿ ಬೋವೆ ಮತ್ತು ಸಂಗಡಿಗರು ಮಿಯೊ ಊರಿನಲ್ಲಿ ಕಟ್ಟುತ್ತಿದ್ದ ಮ್ಯಾಕ್‌ಡೊನಾಲ್ಡ್ಸ್ ಕಟ್ಟಡವನ್ನು ಬಿಚ್ಚಿಹಾಕಿ ಜೈಲಿಗೆ ಹೋದರು.

ಸೇನೆ ಬಾರದೆ ಹೋದದ್ದರಿಂದ ಉಳಿದದ್ದು ಜಮೀನು ಮಾತ್ರ ಅಲ್ಲ. ಕುರಿ ಮೇಯದಿದ್ದರೆ ಈ ಬಯಲಿನಲ್ಲಿ ಮುಳ್ಳುಪೊದೆ, ಪೈನ್ ಗಿಡ ತುಂಬಿಕೊಳ್ಳುತ್ತವೆ. ಹುಲ್ಲಿನ ನಡುವೆ ಅರಳುವ ಆರ್ಕಿಡ್‌ಗಳಿಗೆ ಜಾಗ ಇರುವುದಿಲ್ಲ. ಹತ್ತಿರದ ಜೋಂತ್ ಕಣಿವೆಯಲ್ಲಿ ರಣಹದ್ದುಗಳು 1940ರ ದಶಕದಲ್ಲಿ ಕಾಣೆಯಾಗಿದ್ದವು. 1981ರಿಂದ ಮತ್ತೆ ತಂದು ಬಿಟ್ಟರು. ಇವತ್ತು ಪ್ರವಾಸಿಗರು ಬೈನಾಕ್ಯುಲರ್ ಹಿಡಿದು ನೋಡುವ ಆ ಹಕ್ಕಿಗಳ ಮುಖ್ಯ ಆಹಾರ ಸತ್ತ ಕುರಿಗಳು. 2011ರಲ್ಲಿ ಯುನೆಸ್ಕೊ, ಲಾರ್ಜಾಕ್ ಕೂಡ ಸೇರಿರುವ ಕೋಸ್ ಮತ್ತು ಸೆವೆನ್ ಪ್ರದೇಶವನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ್ದು ಕೋಟೆಗಳಿಗಾಗಿ ಅಲ್ಲ, ಕುರಿ ಸಾಕಣೆ ರೂಪಿಸಿದ ನೆಲಕ್ಕಾಗಿ.

ಹಳೆಯ ಶಿಬಿರ ಈಗಲೂ ಇದೆ. ಕೆಲವು ವರ್ಷಗಳಿಂದ ಅಲ್ಲಿ ಫ್ರಾನ್ಸಿನ ವಿದೇಶಿ ಸೈನಿಕರ ದಳ ಬೀಡುಬಿಟ್ಟಿದೆ. ತೋಳಗಳೂ ಮರಳಿವೆ, ಕುರಿಗಾಹಿಗಳಿಗೆ ಅದು ಹೊಸ ತಲೆನೋವು. ಆದರೆ ಸೇನೆಗಾಗಿ ಸರ್ಕಾರ ಕೊಂಡಿದ್ದ ಸುಮಾರು 6,300 ಹೆಕ್ಟೇರ್ ಜಮೀನು ರೈತರ ಕೈಯಲ್ಲೇ ಇದೆ. 1985ರಲ್ಲಿ ಅವರೇ ಒಂದು ಸಂಸ್ಥೆ ಕಟ್ಟಿ ಅದನ್ನು ಸರ್ಕಾರದಿಂದ ಗುತ್ತಿಗೆಗೆ ಪಡೆದರು. 2013ರಲ್ಲಿ ಗುತ್ತಿಗೆಯನ್ನು 2083ರವರೆಗೆ ವಿಸ್ತರಿಸಲಾಯಿತು. ಈ ಜಮೀನನ್ನು ಯಾರೂ ಮಾರುವಂತಿಲ್ಲ. ನಿವೃತ್ತಿಯಾದ ರೈತ ಹೊಲವನ್ನೂ ಮನೆಯನ್ನೂ ಬಿಟ್ಟು ಕೊಡಬೇಕು. ಮುಂದೆ ಅಲ್ಲಿ ಯಾರು ಕುರಿ ಕಾಯಬೇಕು ಅನ್ನುವುದನ್ನು ಬಯಲಿನ ರೈತರೇ ಕೂತು ತೀರ್ಮಾನಿಸುತ್ತಾರೆ.